ತಲಪಾಡಿಯ ಆಚೆ ಎರಡು, ಈಚೆ ಒಂದು: ಗಡಿ ದಾಟಿದರೆ ಕೊಲೆಯ ಪ್ರಮಾಣ ಏಕೆ ಬದಲಾಗುತ್ತದೆ?

ಪ್ರಶ್ನೆ ಕೇಳಿದವರು: ಬಾಯಾರು ಮಾಸ್ಟ್ರು

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ತಲಪಾಡಿ ಗಡಿಗೆ ತಾಗಿಕೊಂಡಿರುವ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಖ್ಯಾಶಾಸ್ತ್ರದ ಪಾಠಕ್ಕೆ ಪುಸ್ತಕದಲ್ಲಿರುವ ಲೆಕ್ಕಗಳು ಸಪ್ಪೆ ಎನಿಸಿ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಿಂದ ಕೆಲವು ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ಆ ವರ್ಷ ದೇಶದಲ್ಲಿ ದಾಖಲಾದ ಕೊಲೆ ಮೊಕದ್ದಮೆಗಳು 28,522. ಲಕ್ಷ ಜನರಿಗೆ ಲೆಕ್ಕ ಹಾಕಿದರೆ 2.1. ಜಾರ್ಖಂಡದಲ್ಲಿ ಇದು 4. ಕರ್ನಾಟಕ ದೇಶದ ಸರಾಸರಿಯ ಹತ್ತಿರವೇ ಇದೆ, ಎರಡರ ಆಸುಪಾಸು. ನಮ್ಮ ಕೇರಳ ಒಂದಕ್ಕಿಂತಲೂ ಕಡಿಮೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ನನ್ನ ಅಜ್ಜಿಯ ಮನೆ ಗಡಿಯಾಚೆ, ಕರ್ನಾಟಕದ ವಿಟ್ಲದಲ್ಲಿದೆ. ಅಲ್ಲಿಯವರು ನಮ್ಮ ಎರಡು ಪಟ್ಟು ಕೊಲ್ಲುತ್ತಾರೆಯೇ?"

ಒಳ್ಳೆಯ ಪ್ರಶ್ನೆ ಅದು. 1956ರ ನವೆಂಬರ್ 1ರವರೆಗೆ ನಾವೂ ಅವರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು. ಅದೇ ಅಡಿಕೆ ತೋಟ, ಅದೇ ತುಳು, ಅದೇ ಕನ್ನಡ, ಅದೇ ಬ್ಯಾರಿ ಮನೆಗಳು, ಅವೇ ಭೂತಗಳು, ಮದುವೆ ಸಂಬಂಧಗಳೂ ಅತ್ತಿಂದಿತ್ತ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಶಿಕ್ಷಣದಿಂದಲೇ, ಪೊಲೀಸರಿಂದಲೇ, ಅಥವಾ ಅಂಕಿಗಳೇ ನಂಬತಕ್ಕವಲ್ಲವೇ? ತಿಳಿದವರು ಬರೆಯಬೇಕು. ಮಕ್ಕಳಿಗೆ ಅರ್ಧ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಉತ್ತರ: ಹಳೆಯ ರೈಟರ್, ಕುಂಬಳೆ

ಮಾಸ್ಟ್ರೇ, ನಾನು ಕೇರಳ ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ಸೇವೆಯ ಹೆಚ್ಚಿನ ಕಾಲವನ್ನು ಈ ಜಿಲ್ಲೆಯ ಠಾಣೆಗಳಲ್ಲಿ ಕಡತ ಬರೆಯುವ ರೈಟರ್ ಆಗಿ ಕಳೆದೆ. ನೀವು ಹಲಗೆಯ ಮೇಲೆ ಬರೆದ ಅಂಕಿ ಹುಟ್ಟುವುದು ನನ್ನಂಥವನ ಮೇಜಿನ ಮೇಲೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಆ ಮಗುವಿಗೆ ಹೇಳಿ, ಅಜ್ಜಿಯ ಊರಿನ ಬಗ್ಗೆ ಈ ಅಂಕಿ ಏನನ್ನೂ ಹೇಳುವುದಿಲ್ಲ. ಬೀದರಿನಿಂದ ಚಾಮರಾಜನಗರದವರೆಗಿನ ಊರುಗಳನ್ನೆಲ್ಲ, ಬೆಂಗಳೂರನ್ನೂ ಸೇರಿಸಿ ಒಟ್ಟುಗೂಡಿಸಿದಾಗ ಬರುವ ಎರಡನ್ನು ವಿಟ್ಲದ ಹಣೆಗೆ ಅಂಟಿಸುವುದು ಅನ್ಯಾಯ. ಹಾಗೆಯೇ ತಿರುವನಂತಪುರವನ್ನೂ ಒಳಗೊಂಡ ಒಂದನ್ನು ಬಾಯಾರಿನ ಎದೆಗೆ ಪದಕವಾಗಿ ಚುಚ್ಚಿಕೊಳ್ಳಲೂ ಆಗದು. ಒಂದು ದೇಶದೊಳಗೆ ವ್ಯತ್ಯಾಸವಿರುವಂತೆ ಒಂದು ರಾಜ್ಯದೊಳಗೂ ಇದೆ, ಒಂದು ಜಿಲ್ಲೆಯೊಳಗೂ ಇದೆ.

ಇನ್ನು ಅಂಕಿ ಹುಟ್ಟುವ ಬಗೆ. ಬ್ಯೂರೊ ಎಣಿಸುವುದು ಆಯಾ ವರ್ಷ ದಾಖಲಾದ ಮೊಕದ್ದಮೆಗಳನ್ನು. 2019ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಪೆರಿಯದಲ್ಲಿ ಇಬ್ಬರು ತರುಣರನ್ನು ಕಡಿದು ಕೊಂದರು. ಹೋದದ್ದು ಎರಡು ಜೀವ, ಮೊಕದ್ದಮೆ ಒಂದು. ಸತ್ತವರ ಸಂಖ್ಯೆಯೂ ವರದಿಯಲ್ಲಿ ಇರುತ್ತದೆ, ಆದರೆ ಬೇರೆ ಕೋಷ್ಟಕದಲ್ಲಿ. ನೀವು ಬರೆದ 28,522 ಮೊಕದ್ದಮೆಗಳ ಲೆಕ್ಕ.

ದಾಖಲಾದ ವರ್ಷಕ್ಕೂ ಸತ್ತ ವರ್ಷಕ್ಕೂ ಕೆಲವೊಮ್ಮೆ ಸಂಬಂಧವಿರುವುದಿಲ್ಲ. ಕೋಯಿಕ್ಕೋಡ್ ಜಿಲ್ಲೆಯ ಕೂಡತ್ತಾಯಿಯ ಪ್ರಕರಣ ಪತ್ರಿಕೆ ಓದುವವರಿಗೆಲ್ಲ ನೆನಪಿರುತ್ತದೆ. 2002ರಿಂದ 2016ರವರೆಗೆ ಒಂದೇ ಕುಟುಂಬಕ್ಕೆ ಸಂಬಂಧಿಸಿದ ಆರು ಮಂದಿ ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡರು. ಗೋರಿಗಳನ್ನು ಅಗೆಸಿ, ಸಯನೈಡಿನ ಆರೋಪ ಹೊರಿಸಿ ಕೊಲೆ ಮೊಕದ್ದಮೆ ನಡೆಸಲು ಶುರುಮಾಡಿದ್ದು 2019ರಲ್ಲಿ. ಅಲ್ಲಿಯವರೆಗೆ ಆ ಸಾವುಗಳು ಯಾವ ಕೊಲೆ ಪಟ್ಟಿಯಲ್ಲೂ ಇರಲಿಲ್ಲ. ಇತರ ಅಪರಾಧಗಳಿಗೆ ಹೋಲಿಸಿದರೆ ಕೊಲೆಯನ್ನು ಮುಚ್ಚಿಡುವುದು ಕಷ್ಟ, ಹೆಣ ಸಿಕ್ಕೇ ಸಿಗುತ್ತದೆ ಎಂಬುದು ಸಾಮಾನ್ಯವಾಗಿ ನಿಜ. ಅದಕ್ಕಾಗಿಯೇ ರಾಜ್ಯಗಳನ್ನು ಹೋಲಿಸುವಾಗ ತಿಳಿದವರು ಕಳ್ಳತನದ ಅಂಕಿಯನ್ನು ಬಿಟ್ಟು ಕೊಲೆಯ ಅಂಕಿಯನ್ನು ಎತ್ತಿಕೊಳ್ಳುತ್ತಾರೆ. ಆದರೆ ಹೆಣ ಸಿಕ್ಕ ಮಾತ್ರಕ್ಕೆ ಕೊಲೆ ಸಿಕ್ಕಿತು ಎಂದಲ್ಲ. ಬಾವಿಯಲ್ಲಿ ಸಿಕ್ಕ ಹೆಣಕ್ಕೆ ಮೊದಲು ಬೀಳುವುದು ಅಸ್ವಾಭಾವಿಕ ಸಾವಿನ ಕಡತ. ಶವಪರೀಕ್ಷೆ ಮಾಡುವ ವೈದ್ಯರು ಎಷ್ಟು ಎಚ್ಚರದಿಂದ ನೋಡಿದರು, ತನಿಖೆ ಮಾಡುವವನಿಗೆ ಎಷ್ಟು ಅನುಮಾನ ಬಂತು ಎಂಬುದರ ಮೇಲೆ ಆ ಕಡತ ಮುಚ್ಚುತ್ತದೆ ಅಥವಾ ಬಣ್ಣ ಬದಲಿಸುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ವರದಕ್ಷಿಣೆ ಸಾವು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಸುಟ್ಟೋ ಬೇರೆ ಅಸ್ವಾಭಾವಿಕ ರೀತಿಯಲ್ಲೋ ಸತ್ತು, ಅದಕ್ಕೆ ಮೊದಲು ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ ಅದು ಹಳೆಯ ದಂಡ ಸಂಹಿತೆಯ 304ಬಿ. 1986ರಲ್ಲಿ ಸೇರಿಸಿದ ಕಲಂ ಅದು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಕಲಂ 80. ಕೊಲೆಯ ಕಲಂ 302 ಆಗಿತ್ತು, ಈಗ 103. ಎರಡೂ ಬೇರೆ ಬೇರೆ ಸಾಲುಗಳು. 2022ರಲ್ಲಿ ಉತ್ತರ ಪ್ರದೇಶದ ಕೊಲೆ ಮೊಕದ್ದಮೆಗಳು 3,491, ದೇಶದಲ್ಲೇ ಅತಿ ಹೆಚ್ಚು. ಆದರೆ ಜನಸಂಖ್ಯೆಯಿಂದ ಭಾಗಿಸಿದರೆ ಸುಮಾರು ಒಂದೂವರೆ, ದೇಶದ ಸರಾಸರಿಗಿಂತ ಕಡಿಮೆ. ಅದೇ ವರ್ಷ ಅದೇ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ಆ ಹೆಣ್ಣುಮಕ್ಕಳನ್ನು ಸೇರಿಸಿದರೆ ಅದೇ ರಾಜ್ಯದ ಪ್ರಮಾಣ ಒಂದೂವರೆಯಿಂದ ಏರಿ ಎರಡನ್ನು ದಾಟುತ್ತದೆ. ಮಾಸ್ಟ್ರೇ, ದಯವಿಟ್ಟು ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಒಂದು ಸಾಲನ್ನು ಬಿಟ್ಟರೆ ಯಾರು ಕಾಣದಾಗುತ್ತಾರೆ ಎಂಬುದು ಅವರಿಗೇ ತಿಳಿಯಲಿ.

ಇಷ್ಟೆಲ್ಲ ಕಳೆದು ಕೂಡಿಸಿದ ಮೇಲೂ ಕೇರಳದ ಪ್ರಮಾಣ ಕಡಿಮೆ ಎಂಬುದು ಉಳಿಯುತ್ತದೆ. ನಮ್ಮಲ್ಲಿ ಮೊಕದ್ದಮೆ ದಾಖಲಿಸದೆ ಮುಚ್ಚಿಹಾಕುತ್ತಾರೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಣ್ಣ ಪುಟ್ಟ ಅಪರಾಧಗಳನ್ನೂ ದಾಖಲಿಸುವುದರಿಂದ ಒಟ್ಟು ಅಪರಾಧದ ಪಟ್ಟಿಯಲ್ಲಿ ಕೇರಳ ಯಾವಾಗಲೂ ಮೇಲೆಯೇ ಇರುತ್ತದೆ. ಬರೆಯುವ ಕೈ ಇಲ್ಲಿ ಧಾರಾಳ. ಕೊಲೆಯ ಪ್ರಮಾಣ ಮಾತ್ರ ಕೆಳಗೆ.

ಏಕೆ ಎಂಬುದಕ್ಕೆ ನನ್ನ ತಿಳಿವಳಿಕೆ ಇದು. 2022ರ ಆ 28,522ರಲ್ಲಿ 9,962ಕ್ಕೆ ಕಾರಣ ತಕರಾರು, 3,761ಕ್ಕೆ ಹಗೆ, ಹಣದಾಸೆಗೆ 1,884 ಮಾತ್ರ. ಅಂದರೆ ಕೊಂದವನು ಹೆಚ್ಚಾಗಿ ಗೊತ್ತಿದ್ದವನೇ. ದಾರಿಯ ಜಗಳ, ತೋಡಿನ ನೀರಿನ ಜಗಳ, ಗಡಿಕಲ್ಲು ಕಿತ್ತ ಜಗಳ, ಅಣ್ಣ ತಮ್ಮಂದಿರ ಪಾಲಿನ ಜಗಳ. ಜಗಳ ಇಲ್ಲದ ಊರಿಲ್ಲ. ಅದನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬುದರಲ್ಲೇ ಊರಿಗೂ ಊರಿಗೂ ಅಂತರ.

ಕಾಸರಗೋಡಿನವನಿಗೆ ಒಯ್ಯಲು ಎಷ್ಟೊಂದು ಜಾಗಗಳಿವೆ ನೋಡಿ. ಗ್ರಾಮ ಕಚೇರಿ, ತಾಲೂಕು ಕಚೇರಿ, ಮುನ್ಸಿಫ್ ಕೋರ್ಟು, ಪಂಚಾಯತು ಸದಸ್ಯ, ಪಕ್ಷದ ಕಚೇರಿ, ಮಸೀದಿಯ ಜಮಾಅತ್ ಸಮಿತಿ, ತರವಾಡಿನ (ಕುಟುಂಬದ ಮೂಲಮನೆಯ) ಹಿರಿಯರು. ಏನೂ ಆಗದಿದ್ದರೆ "ಕಾನತ್ತೂರಿಗೆ ಹೋಗುತ್ತೇನೆ" ಎನ್ನುತ್ತಾರೆ. ಕಾನತ್ತೂರು ನಾಲ್ವರ್ ದೈವಗಳ ಮುಂದೆ ಆಣೆಪ್ರಮಾಣವಾದ ತಕರಾರು ಮತ್ತೆ ಠಾಣೆಗೆ ಬರುವುದು ಅಪರೂಪ. ಎದುರಾಳಿಗಳಿಬ್ಬರೂ ನನ್ನ ಮುಂದೆಯೇ ದೂರನ್ನು ಹಿಂದಕ್ಕೆ ಪಡೆದು ಅತ್ತ ನಡೆದದ್ದನ್ನು ಕಂಡಿದ್ದೇನೆ. ನೆಲದ ಪ್ರಶ್ನೆಯೂ ಹಾಗೆಯೇ. 1970ರ ಜನವರಿ 1ರಂದು ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರನಿಗೆ ಭೂಮಿಯ ಹಕ್ಕು, ಗುಡಿಸಲು ಕಟ್ಟಿಕೊಂಡವನಿಗೆ ಅದರ ಸುತ್ತಲಿನ ನೆಲ ಸಿಕ್ಕಿತು. ಪಟ್ಟೆ ಕೈಯಲ್ಲಿರುವವನು ಗಡಿಕಲ್ಲಿಗಾಗಿ ಕತ್ತಿ ಎತ್ತುವ ಮೊದಲು ಸರ್ವೆಗೆ ಅರ್ಜಿ ಹಾಕುತ್ತಾನೆ. ಬಿಹಾರದಂಥ ಕಡೆ ಜಮೀನಿನ ತಗಾದೆಯೇ ಕೊಲೆಯ ದೊಡ್ಡ ಕಾರಣಗಳಲ್ಲೊಂದಾಗಿ ಉಳಿದಿರುವುದಕ್ಕೂ ಅಲ್ಲಿನ ದಾಖಲೆಗಳು ದಶಕಗಟ್ಟಲೆ ಅಸ್ತವ್ಯಸ್ತವಾಗಿ ಬಿದ್ದಿದ್ದುದಕ್ಕೂ ಸಂಬಂಧವಿದೆ ಎಂದೇ ನನ್ನ ನಂಬಿಕೆ.

ಮತ್ತೊಂದು ಕಾರಣ ವಯಸ್ಸು. ಎಲ್ಲ ದೇಶಗಳಲ್ಲೂ ಕೊಲ್ಲುವವರು ಹೆಚ್ಚಾಗಿ ಹರೆಯದ ಗಂಡಸರು. ದೇಶದಲ್ಲೇ ವಯಸ್ಸಾದವರ ಪಾಲು ಅತಿ ಹೆಚ್ಚಿರುವ ರಾಜ್ಯ ಕೇರಳ, ಮತ್ತು ನಮ್ಮ ಜಿಲ್ಲೆಯ ಹರೆಯದವರಲ್ಲಿ ದೊಡ್ಡ ಪಾಲು ದುಬೈ, ಶಾರ್ಜಾ, ದೋಹಾಗಳಲ್ಲಿದೆ.

ಕೊನೆಗೆ ಒಂದು ಮಾತನ್ನು ಹೇಳದೆ ಬಿಡಲಾರೆ. ಕೊಲೆ ಕಡಿಮೆ ಎಂದ ಮಾತ್ರಕ್ಕೆ ಇಲ್ಲಿ ನೋವು ಕಡಿಮೆ ಎಂದಲ್ಲ. ಅದೇ 2022ರಲ್ಲಿ ಕೇರಳದ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ 28.5, ದೇಶದ್ದು 12.4. ನನ್ನ ಮೇಜಿಗೆ ಬಂದ ಕಡತಗಳಲ್ಲಿ ಕೊಲೆಯವು ಬೆರಳೆಣಿಕೆ. ಆತ್ಮಹತ್ಯೆಯವು ಬಾರದ ವಾರವೇ ಇರಲಿಲ್ಲ.

ಉತ್ತರ: ಉಪ್ಪಳದ ನರ್ಸ್

ರೈಟರ್ ಅಣ್ಣ ಬರೆದದ್ದಕ್ಕೆ ಆಸ್ಪತ್ರೆಯ ಕಡೆಯಿಂದ ಒಂದು ಸಂಗತಿ ಸೇರಿಸುತ್ತೇನೆ. ಮಂಗಳೂರಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ.

ಹೊಟ್ಟೆಗೆ ಚೂರಿ ಬಿದ್ದ ಇಬ್ಬರು ಬಂದರು ಎಂದುಕೊಳ್ಳಿ. ಗಾಯ ಒಂದೇ, ಇರಿದವನ ಸಿಟ್ಟೂ ಒಂದೇ. ಒಬ್ಬನು ಇಪ್ಪತ್ತು ನಿಮಿಷದಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿದ್ದ, ರಕ್ತ ಸಿಕ್ಕಿತು, ಬದುಕಿದ. ಅದು ಕೊಲೆ ಯತ್ನ. ಇನ್ನೊಬ್ಬನನ್ನು ತರುವ ಹೊತ್ತಿಗೆ ಎರಡು ಗಂಟೆಯಾಗಿತ್ತು. ಅದು ಕೊಲೆ. ಪೊಲೀಸರ ಪಟ್ಟಿಯಲ್ಲಿ ಈ ಇಬ್ಬರನ್ನು ಬೇರ್ಪಡಿಸಿದ್ದು ರಸ್ತೆ, ಆಂಬುಲೆನ್ಸ್ ಮತ್ತು ರಕ್ತನಿಧಿ.

ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಯಾರಿಗೆ ದೊಡ್ಡ ಪೆಟ್ಟಾದರೂ ಗಾಡಿ ಉತ್ತರಕ್ಕೇ ಓಡುತ್ತದೆ. ತಲಪಾಡಿ ದಾಟಿದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ಹಿಂದಿರುಗಿದವು. ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು, ವಿಷಯ ಕೇರಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಆ ಏಪ್ರಿಲಿನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆ ತೆರೆದರು. ಆ ದಿನಗಳಲ್ಲಿ ಇಲ್ಲಿ ಯಾರಿಗಾದರೂ ಇರಿತವಾಗಿದ್ದರೆ ಕೊಲೆ ಯತ್ನವಾಗಬೇಕಾಗಿದ್ದದ್ದು ಕೊಲೆಯಾಗುತ್ತಿತ್ತು. ಊರಿನವರ ಸ್ವಭಾವ ಒಂದಿಷ್ಟೂ ಬದಲಾಗದೆ.

ಆದ್ದರಿಂದ ಮಾಸ್ಟ್ರೇ, ಕೊಲೆ ಮತ್ತು ಕೊಲೆ ಯತ್ನ ಎರಡನ್ನೂ ಒಟ್ಟಿಗೆ ಬರೆದು ಮಕ್ಕಳಿಗೆ ತೋರಿಸಿ. ಜಾರ್ಖಂಡದ ಕಾಡಿನ ಹಳ್ಳಿಗೂ ನಮಗೂ ಇರುವ ಅಂತರದಲ್ಲಿ ಆಸ್ಪತ್ರೆಯ ದೂರದ ಪಾಲು ಎಷ್ಟು ಎಂದು ಅವರೇ ಕೇಳುತ್ತಾರೆ.

ಉತ್ತರ: ಹೊಸದುರ್ಗದವನು

ನೀವೆಲ್ಲ ಕಣ್ಣೂರನ್ನು ಮರೆತಿರಾ? ನಮ್ಮ ಪಕ್ಕದ ಜಿಲ್ಲೆ. 1969ರಿಂದ ಪಕ್ಷಗಳ ಹೆಸರಿನಲ್ಲಿ ಕಡಿದುಕೊಳ್ಳುತ್ತಿದ್ದಾರೆ. ಪೆರಿಯದ ಹೆಸರು ನೀವೇ ಎತ್ತಿದಿರಿ. ಇಂಥ ರಾಜ್ಯವನ್ನು ಶಾಂತ ರಾಜ್ಯ ಎಂದು ಮಕ್ಕಳಿಗೆ ಹೇಳುವುದು ಹೇಗೆ?

ಉತ್ತರ: ಹಳೆಯ ರೈಟರ್, ಕುಂಬಳೆ

ಮರೆತಿಲ್ಲ. ಪೆರಿಯದ ಆ ಇಬ್ಬರ ಮನೆಯ ಮುಂದೆ ನಿಂತವರು ಯಾರೂ ಮರೆಯುವುದಿಲ್ಲ. ಆದರೆ ಪ್ರಮಾಣ ಬೇರೆ, ಸುದ್ದಿ ಬೇರೆ. ಕೇರಳದಲ್ಲಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಕೊಲೆಗಳಾಗುತ್ತವೆ. ಅವುಗಳಲ್ಲಿ ರಾಜಕೀಯದವು ಕೆಲವೇ. ಉಳಿದವು ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಕುಡಿದು ಕುಳಿತ ಜಾಗದಲ್ಲಿ ನಡೆದಂಥವು. ಅವುಗಳಿಗೆ ಹರತಾಳವೂ ಇಲ್ಲ, ಮೆರವಣಿಗೆಯೂ ಇಲ್ಲ. ರಾಜಕೀಯ ಕೊಲೆಯನ್ನು ಖಂಡಿಸಬೇಕಾದದ್ದು ಸಂಖ್ಯೆ ದೊಡ್ಡದೆಂದಲ್ಲ. ಸಂಘಟನೆಯೊಂದು ಕೂತು, ಯೋಚಿಸಿ, ಆಳು ಗೊತ್ತುಮಾಡಿ ಕೊಲ್ಲಿಸುತ್ತದೆ ಎಂಬುದಕ್ಕೆ. ಪೆರಿಯದ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ 2025ರ ಜನವರಿಯಲ್ಲಿ ಹತ್ತು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಜಗಳವನ್ನು ಒಯ್ಯಬಹುದಾದ ಜಾಗಗಳಲ್ಲಿ ಪಕ್ಷದ ಕಚೇರಿಯನ್ನೂ ನಾನು ಹೇಳಿದೆ. ಅದೇ ಕಚೇರಿ ಒಂದು ಊರಿನಲ್ಲಿ ಜಗಳ ತಣಿಸುತ್ತದೆ, ಇನ್ನೊಂದು ಊರಿನಲ್ಲಿ ಜಗಳಕ್ಕೆ ಆಯುಧ ಕೊಡುತ್ತದೆ. ಎರಡನ್ನೂ ನೋಡಿದವನು ನಾನು.

ಉತ್ತರ: ರಾಯದುರ್ಗದವಳು

ದೂರದ ಇನ್ನೊಂದು ಗಡಿಯಿಂದ ಬರೆಯುತ್ತಿದ್ದೇನೆ. ನಿಮಗೆ 1956 ಆದರೆ ನಮಗೆ 1953. ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. ನಮ್ಮ ಮನೆಮಾತು ಕನ್ನಡ, ಬೀಗರೆಲ್ಲ ಬಳ್ಳಾರಿ ಕಡೆಯವರು.

ರೈಟರ್ ಅವರು ಹೇಳಿದ ಆ ಮಾತು, ಜಗಳವನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬುದು, ಆಂಧ್ರದ ಈ ಭಾಗವಾದ ರಾಯಲಸೀಮೆಗೆ ಅಕ್ಷರಶಃ ಹೊಂದುತ್ತದೆ. ನಾನು ಚಿಕ್ಕವಳಿದ್ದಾಗ ಫ್ಯಾಕ್ಷನ್ (ನಾಯಕರ ಬಣಗಳ ಹಗೆಯ) ಊರುಗಳಲ್ಲಿ ತಗಾದೆ ಠಾಣೆಗೆ ಹೋಗುತ್ತಿರಲಿಲ್ಲ, ನಾಯಕನ ಮನೆಗೆ ಹೋಗುತ್ತಿತ್ತು. ಒಮ್ಮೆ ಅಲ್ಲಿಗೆ ಹೋದ ಮೇಲೆ ನಿಮ್ಮ ಹೊಲದ ಬದುವಿನ ಜಗಳ ನಿಮ್ಮದಾಗಿ ಉಳಿಯುವುದಿಲ್ಲ, ಎರಡು ಮನೆತನಗಳ ಲೆಕ್ಕಕ್ಕೆ ಸೇರುತ್ತದೆ. ಅತ್ತಲಿಂದ ಒಂದು ಹೆಣ, ಇತ್ತಲಿಂದ ಒಂದು ಹೆಣ. ನಾಟು ಬಾಂಬು ಮನೆಯಲ್ಲಿ ಇಟ್ಟುಕೊಂಡವರಿದ್ದರು. ಕರ್ನೂಲು, ಕಡಪ, ಅನಂತಪುರದ ಎಷ್ಟೋ ಊರುಗಳ ಗಂಡಸರು ಗುಂಪಿಲ್ಲದೆ ಬಸ್ ಹತ್ತುತ್ತಿರಲಿಲ್ಲ. 2005ರ ಜನವರಿಯಲ್ಲಿ ಮಾಜಿ ಮಂತ್ರಿ ಪರಿಟಾಲ ರವೀಂದ್ರ ಅವರನ್ನು ಅನಂತಪುರದಲ್ಲಿ ಹಾಡುಹಗಲೇ ಗುಂಡಿಟ್ಟು ಕೊಂದಾಗ ನಮ್ಮ ಮನೆಯಲ್ಲಿ ದಿನಗಟ್ಟಲೆ ಬಾಗಿಲು ತೆಗೆಯಲಿಲ್ಲ.

ಆದರೆ ಅದು ಇಳಿಯಿತು. ನಾಯಕರ ಮಕ್ಕಳೇ ಬೆಂಗಳೂರು, ಹೈದರಾಬಾದುಗಳಲ್ಲಿ ಓದಿ ಗುತ್ತಿಗೆ, ರಿಯಲ್ ಎಸ್ಟೇಟ್ ಎಂದು ಹೊರಟರು. ಪೊಲೀಸರು ರೌಡಿ ಶೀಟು ತೆರೆದು ಪ್ರತಿ ಊರಿನ ಮೇಲೆ ಕಣ್ಣಿಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಂಗಸರು ಉಳಿದ ಮಕ್ಕಳನ್ನು ಊರಿನಿಂದ ಹೊರಗೆ ಕಳಿಸಿದರು. ನನ್ನ ದೊಡ್ಡಮ್ಮ ತನ್ನ ಮಕ್ಕಳನ್ನು ಬಳ್ಳಾರಿಯಲ್ಲಿ ಬೆಳೆಸಿದ್ದು ಅದೇ ಕಾರಣಕ್ಕೆ. ಅದೇ ರಕ್ತ, ಅದೇ ಸಿಟ್ಟು. ಬಳ್ಳಾರಿಯಲ್ಲಿ ಅವರು ಔಷಧಿ ಅಂಗಡಿ ಇಟ್ಟುಕೊಂಡು ಬದುಕಿದ್ದಾರೆ. ಈಗ ಆಂಧ್ರದ ಪ್ರಮಾಣ ದೇಶದ ಸರಾಸರಿಗಿಂತ ಕಡಿಮೆ. ಸೀಮೆಯ ಜನ ರಕ್ತದಿಂದಲೇ ಕ್ರೂರಿಗಳು ಎಂದು ಸಿನಿಮಾ ನೋಡಿ ನಂಬಿದವರಿಗೆ ಇದನ್ನು ದಯವಿಟ್ಟು ತಿಳಿಸಿ.

ಉತ್ತರ: ಪೆರ್ಲದ ಹುಡುಗ

ಸಮಾಜಶಾಸ್ತ್ರದ ವಿದ್ಯಾರ್ಥಿ ನಾನು. ಹೊರಗಿನ ಎರಡು ಉದಾಹರಣೆಗಳು. ಮೆಕ್ಸಿಕೊದಲ್ಲಿ ಯುಕಟಾನ್ ರಾಜ್ಯದ ಪ್ರಮಾಣ ಲಕ್ಷಕ್ಕೆ ಎರಡು ಮೂರರಷ್ಟು, ನಮ್ಮ ದೇಶದ ಹಾಗೆಯೇ. ಅದೇ ದೇಶದ ಪುಟ್ಟ ಕೊಲಿಮಾ ರಾಜ್ಯದಲ್ಲಿ 2022ರಲ್ಲಿ ಅದು ನೂರನ್ನು ದಾಟಿತ್ತು. ಅಲ್ಲಿನ ಮನ್ಸಾನಿಯೊ ಬಂದರಿಗಾಗಿ ಮಾದಕವಸ್ತು ಗುಂಪುಗಳು ಹೊಡೆದಾಡುತ್ತವೆ. ಅಮೆರಿಕದಲ್ಲೂ ಲೂಯಿಸಿಯಾನ, ಮಿಸಿಸಿಪ್ಪಿಗಳು ಹಲವು ವರ್ಷಗಳಿಂದ ಮೇಲೆ. ಮೇನ್, ನ್ಯೂ ಹ್ಯಾಂಪ್‌ಶೈರ್‌ಗಳು ಕೆಳಗೆ. ಇವುಗಳ ಮುಂದೆ ನಮ್ಮ ದೊಡ್ಡ ರಾಜ್ಯಗಳ ಅಂತರ ಸಣ್ಣದು. ಕಾಲದ ಅಂತರವನ್ನೂ ನೋಡಿ: 1992ರಲ್ಲಿ ಭಾರತದ ಪ್ರಮಾಣ 4.6 ಇತ್ತು, ಮೂವತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿದೆ. ಇಂದು ನಾವು ಭಯಪಡುವ ಜಾರ್ಖಂಡದ ಅಂಕಿ ಆಗ ಇಡೀ ದೇಶದ ಸರಾಸರಿಗಿಂತ ಕಡಿಮೆಯೇ.

ಬಾಯಾರು ಮಾಸ್ಟ್ರು

ಎಲ್ಲರಿಗೂ ಮನಸಾರೆ ಕೃತಜ್ಞ. ಇನ್ನೊಂದೇ ಪ್ರಶ್ನೆ. ಕಾಸರಗೋಡು ಜಿಲ್ಲೆಯ ಪ್ರಮಾಣವನ್ನು ಮಕ್ಕಳಿಂದ ಲೆಕ್ಕ ಹಾಕಿಸಿ ದಕ್ಷಿಣ ಕನ್ನಡದ ಜೊತೆ ಹೋಲಿಸಬಹುದೇ? ಒಂದು ವರ್ಷದ ಅಂಕಿ ಸಾಕೇ?

ಹಳೆಯ ರೈಟರ್, ಕುಂಬಳೆ

ಸಾಲದು ಮಾಸ್ಟ್ರೇ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 13,07,375. ರಾಜ್ಯದ ಸರಾಸರಿಯಂತೆ ಹಿಡಿದರೂ ವರ್ಷಕ್ಕೆ ಹನ್ನೆರಡರ ಆಸುಪಾಸು ಮೊಕದ್ದಮೆಗಳು. ಇಷ್ಟು ಸಣ್ಣ ಸಂಖ್ಯೆ ಏನೂ ಕಾರಣವಿಲ್ಲದೆಯೇ ಒಂದು ವರ್ಷ ಎಂಟಾಗುತ್ತದೆ, ಮರುವರ್ಷ ಹದಿನಾರಾಗುತ್ತದೆ. ಆಗ ಪತ್ರಿಕೆಗಳು "ಕೊಲೆ ದುಪ್ಪಟ್ಟು" ಎಂದು ಬರೆಯುತ್ತವೆ. ಅದೇ ಗಣತಿಯಲ್ಲಿ ಲಕ್ಷದ್ವೀಪದ ಜನಸಂಖ್ಯೆ 64,473. ಅಲ್ಲಿ ಇಡೀ ವರ್ಷದಲ್ಲಿ ಒಂದೇ ಕೊಲೆಯಾದರೂ ಪ್ರಮಾಣ ಒಂದೂವರೆ, ಕೇರಳಕ್ಕಿಂತ ಮೇಲೆ! ಅದರ ಮುಂದಿನ ವರ್ಷ ಸೊನ್ನೆ.

ಕನಿಷ್ಠ ಐದು ವರ್ಷಗಳನ್ನು ಕೂಡಿಸಿ, ಎರಡೂ ಜಿಲ್ಲೆಗಳಿಗೆ ಅವೇ ಐದು ವರ್ಷಗಳನ್ನು ತೆಗೆದುಕೊಳ್ಳಿ. ಕೊಲೆ, ಕೊಲೆ ಯತ್ನ, ವರದಕ್ಷಿಣೆ ಸಾವು ಮೂರಕ್ಕೂ ಬೇರೆ ಬೇರೆ ಸಾಲು ಹಾಕಿಸಿ. ಮಂಗಳೂರು ನಗರ ಪೊಲೀಸರ ಲೆಕ್ಕ ದಕ್ಷಿಣ ಕನ್ನಡ ಜಿಲ್ಲಾ ಪೊಲೀಸರ ಲೆಕ್ಕದಿಂದ ಬೇರೆ; ಎರಡನ್ನೂ ಕೂಡಿಸದಿದ್ದರೆ ಹೋಲಿಕೆ ತಪ್ಪುತ್ತದೆ. ಇಲ್ಲಿ ಇರಿತವಾಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಸತ್ತವನ ಮೊಕದ್ದಮೆ ನಮ್ಮ ಠಾಣೆಯದೇ ಎಂಬುದನ್ನೂ ಮಕ್ಕಳಿಗೆ ಹೇಳಿ. ಜನಸಂಖ್ಯೆಗೆ 2011ರ ಗಣತಿಯ ಮೇಲೆ ಕಟ್ಟಿದ ಅಂದಾಜನ್ನೇ ಬಳಸಬೇಕಾಗುತ್ತದೆ, ಏಕೆಂದರೆ 2021ರಲ್ಲಿ ಆಗಬೇಕಾಗಿದ್ದ ಗಣತಿ ನಡೆಯಲಿಲ್ಲ. ಕೋಷ್ಟಕ ಸಿದ್ಧವಾದಾಗ ಇಲ್ಲೇ ಹಾಕಿ. ಸಾಲು ಸಾಲಾಗಿ ನೋಡಿಕೊಡುತ್ತೇನೆ.